ಕೊನೆಯ ಟ್ರಾಮಿನ ಹಾಡು

ಮಗಳ ಕಪ್ಪು ಫ್ರಾಕಿಗೆ ಡೀಲಿಯಾ ಇಸ್ತ್ರಿ ಹಾಕುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಪಕ್ಕದ ಮನೆಯ ಮಿಸೆಸ್ ಡ್ವಯರ್, ಕೈಯಲ್ಲಿ ಬೇಯಿಸಿದ ಹಂದಿಮಾಂಸದ ದೊಡ್ಡ ತಟ್ಟೆ.

“ಮಣ್ಣು ಮಾಡಿ ಬಂದ್ಮೇಲೆ ಹಾಡು ಇರುತ್ತೆ ತಾನೇ? ಹಾಡು ಕಟ್ಟಿ ಬದುಕಿದ ನಿಮ್ಮಪ್ಪನ್ನ ಬಾಯಿ ಮುಚ್ಕೊಂಡು ಕಳಿಸಿದ್ರೆ ಬ್ರೂಕ್ಲಿನ್ನೇ ನಗುತ್ತೆ ಕಣೇ.”

“ಏನಾದ್ರೂ ಹಾಡ್ಕೊಳ್ಳಿ. ಆ ಕೊನೆ ಟ್ರಾಮಿನ ಹಾಡೊಂದು ಬೇಡ.”

ಎಂಟು ವರ್ಷದ ಮಗಳು ವಿನಿ ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಟ್ಟೆ ಸೀದ ವಾಸನೆ ಬಂತು.

*

‘ಕೊನೆ ಟ್ರಾಮು ಹೋದರೆ ಹೋಗಲಿ ಕೇಟಿ, ನಡೆದೇ ಬರುವೆ ನಿನ್ನ ಮನೆಗೆ.’ ಡೀಲಿಯಾಗೆ ಹನ್ನೊಂದು ವರ್ಷವಾಗಿದ್ದಾಗ, ಹೆಸರಾಂತ ಗಾಯಕಿ ಲೋಲಾ ವೇನ್ ಹಾಡಿ, ಊರೆಲ್ಲ ಇದೇ ಹಾಡು. “ಅದು ನಂದೇ ಮಗಳೇ, ಯಾರಿಗೂ ಹೇಳ್ಬೇಡ,” ಎಂದಿದ್ದ ಅಪ್ಪ, ಫಿಂಟನ್ ಟಿಯರ್ನಿ. ಅಂಥದ್ದನ್ನು ಹೇಳದೆ ಇರುವುದು ಹೇಗೆ? ಮಾರನೆಯ ದಿನ ಶಾಲೆಯಲ್ಲಿ ಹೇಳಿಯೇಬಿಟ್ಟಳು. ಸಿಸ್ಟರ್ ಹಾಡಿನ ಅಚ್ಚಾದ ಹಾಳೆ ಎತ್ತಿ ಹಿಡಿದು ಓದಿದರು: ‘ಪದ, ರಾಗ: ಲೋಲಾ ವೇನ್.’ ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು.

“ಸುಳ್ಳುಗಾರ!” ಮನೆಗೆ ಬಂದವಳೇ ಕೂಗಿದಳು. ಅಪ್ಪ ಆಲೂಗಡ್ಡೆ ಸುಲಿಯುತ್ತಿದ್ದವನು ತಲೆ ಎತ್ತಲಿಲ್ಲ.

ವಿನಿ ಹುಟ್ಟಿದಾಗ ಅವನು ತೊಟ್ಟಿಲ ಮೇಲೆ ಬಾಗಿ ಅದನ್ನೇ ಗುನುಗಿದ್ದ. “ಆ ಸುಳ್ಳು ನನ್ನ ಮನೇಲಿ ಬೇಡ,” ಎಂದಳು ಡೀಲಿಯಾ. ಅರ್ಧ ಸಾಲಿಗೆ ನಿಲ್ಲಿಸಿದವನು ಮತ್ತೆಂದೂ ಅದನ್ನು ಹಾಡಲಿಲ್ಲ.

*

ಸ್ಮಶಾನದಿಂದ ಬಂದ ಮೇಲೆ ಗಸ್ ಹೇಗನ್ ಪಿಯಾನೋ ಮುಂದೆ ಕೂತ. ಹಿಂದೆ ಹಾಡಿನ ಹಾಳೆ ಮಾರುವ ಅಂಗಡಿಗಳಲ್ಲಿ ಕೂತು ಗಿರಾಕಿಗಳಿಗೆ ಹೊಸ ಹಾಡು ನುಡಿಸಿ ಕೇಳಿಸುತ್ತಿದ್ದವನು, ಫಿಂಟನ್‌ನ ಜೊತೆಗಾರ. ಎರಡು ಗುಟುಕು ವಿಸ್ಕಿ ಇಳಿದ ಮಿಸೆಸ್ ಡ್ವಯರ್‌ಗೆ ಬೆಳಗಿನ ಮಾತು ಮರೆತೇಹೋಗಿತ್ತು.

“ಗಸ್, ಆ ಲೋಲಾ ವೇನ್ ಟ್ರಾಮಿನ ಹಾಡು ನುಡ್ಸೋ!”

“ಯಾರದು?” ಗಸ್ ನಕ್ಕ. “ಆ ಯಮ್ಮನಿಗೆ ಟ್ರಾಮು ಹತ್ತೋಕೂ ಬರ್ತಿರ್ಲಿಲ್ಲ. ಅದು ಫಿಂಟನ್‌ದು ಕಣಮ್ಮ. ಹಾಳೆ ಮೇಲೆ ಹೆಸರು ನನ್ನೊಬ್ಬಳದ್ದೇ ಇರ್ಬೇಕು, ಇಲ್ದಿದ್ರೆ ಹಾಡಲ್ಲ ಅಂದ್ಳು. ದೊಡ್ಡ ಹಾಡುಗಾರರದ್ದೆಲ್ಲ ಆಗ ಅದೇ ಪದ್ಧತಿ. ಅವರು ಹಾಡದ ಹಾಡು ಅಂಗಡೀಲೇ ಕೊಳೀತಿತ್ತು. ಇವನು ನನ್ನೆದುರಿಗೇ ತನ್ನ ಹೆಸರಿನ ಮೇಲೆ ಗೀಟು ಎಳೆದ. ಎಲ್ಲೂ ಬಾಯಿ ಬಿಡಲ್ಲ ಅಂತ ಮಾತೂ ಕೊಟ್ಟ.” ಅವನು ಡೀಲಿಯಾ ಕಡೆ ತಿರುಗಿದ. “ನಿಂಗಾದ್ರೂ ಹೇಳಿರ್ಬೇಕಲ್ಲ ತಾಯಿ?”

ಡೀಲಿಯಾಳ ಕೈಯಲ್ಲಿ ಚಹಾದ ಕಪ್ಪು ತಣ್ಣಗಾಗುತ್ತಿತ್ತು.

“ಹೇಳಿದ್ದ,” ಎಂದಳು.

ಗಸ್ ನುಡಿಸತೊಡಗಿದ. ಟ್ರಾಮು ಓಡಿಸುವ ಮುದುಕ, ಪಾದ್ರಿ, ಮಿಸೆಸ್ ಡ್ವಯರ್, ಮೆಟ್ಟಿಲಲ್ಲಿ ನಿಂತ ಅಕ್ಕಪಕ್ಕದವರು, ಎಲ್ಲರೂ ದನಿ ಸೇರಿಸಿದರು. ಯಾರಿಗೂ ಪದ ಹುಡುಕಬೇಕಾಗಲಿಲ್ಲ. ಡೀಲಿಯಾಗೂ ಒಂದೊಂದು ಸಾಲೂ ನೆನಪಿತ್ತು. ವಿನಿ ಒಬ್ಬೊಬ್ಬರ ತುಟಿ ನೋಡುತ್ತ, ಪದ ಹಿಡಿಯಲು ಹೋಗಿ ಹಿಂದೆ ಬೀಳುತ್ತಿದ್ದಳು. ಕೊನೆಗೆ ತಾಯಿಯ ಅಂಗಿಯ ಅಂಚು ಜಗ್ಗಿದಳು.

“ಅಮ್ಮಾ, ಎಲ್ರಿಗೂ ಬರುತ್ತೆ. ತಾತ ನಂಗ್ಯಾಕೆ ಇದನ್ನ ಹೇಳ್ಕೊಡ್ಲಿಲ್ಲ?”