ಯಾರೂ ಮುಟ್ಟಬಾರದು

ಮನೆಯಲ್ಲಿ ಎಲ್ಲರೂ ಅವಳನ್ನು ಕಿಡಿ ಎಂದೇ ಕರೆಯುತ್ತಿದ್ದರು. ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಅದು ಇಳಿಯುವ ಹೊತ್ತಿಗೆ ಎದುರಿಗಿದ್ದವರು ಊರು ಬಿಟ್ಟಿರುತ್ತಿದ್ದರು. ಬುಧವಾರ ಹನ್ನೊಂದೂವರೆಗೆ ಅಂಗಡಿಯಲ್ಲಿ ಕುಳಿತು ಫೋನಿನಲ್ಲಿ ತನ್ನ ವೆಬ್‌ಸೈಟು ತೆರೆದು ನೋಡಿದಳು. ಸತತ ಮೂರನೆಯ ದಿನವೂ ಬರೀ ಬಿಳಿ ಪರದೆ. ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು ಅವಳಿಗೆ.

ಅವರದು ಹೊದಿಕೆ ಹೊಲಿಯುವ ಮನೆ. ಸೋಫಾ, ಬೈಕು, ದೋಣಿ, ಪಿಯಾನೊ, ಏನೇ ತಂದರೂ ಅದರ ಮೈಗೆ ಸರಿಯಾಗಿ ಅಂಗಿ ಹೊಲಿದುಕೊಡುತ್ತಿದ್ದರು. ನಲವತ್ತು ವರ್ಷ ಹೊಲಿದ ಅಪ್ಪ ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲೇ ಇದ್ದ. ಅಣ್ಣ ಮನೆಯ ಮಹಡಿಯಲ್ಲಿ ದೊಡ್ಡ ಮೇಜು ಹಾಕಿಕೊಂಡು ಬಟ್ಟೆ ಕತ್ತರಿಸುತ್ತಿದ್ದ. ಎರಡು ಬೀದಿಯಾಚೆಯ ಅಂಗಡಿ ಕಿಡಿಯ ಪಾಲಿಗೆ ಬಂದಿತ್ತು. ಗಿರಾಕಿಗಳ ಜೊತೆ ಮಾತು, ಮಾತಿನ ನಡುವೆ ಹೊಲಿಗೆ.

ವೆಬ್‌ಸೈಟು ಮಾಡಿದ್ದು ಅವಳೇ. ಉದ್ದ, ಅಗಲ, ಎತ್ತರ ತುಂಬಿಸಿದರೆ ಸಾಕು, ಹೊದಿಕೆ ಹೇಗೆ ಕಾಣುತ್ತದೆ, ಯಾವತ್ತು ಸಿಗುತ್ತದೆ ಎಲ್ಲ ತಿಳಿಯುತ್ತಿತ್ತು. ಅದನ್ನು ಯಾವುದಾದರೂ ಕಂಪನಿಯ ಯಂತ್ರದಲ್ಲಿಡು ಎಂದು ಅಣ್ಣ ಹೇಳಿದ್ದ. ಮನೆಯಲ್ಲೇ ಒಂದು ಕಂಪ್ಯೂಟರು ಧೂಳು ತಿನ್ನುತ್ತ ಬಿದ್ದಿರುವಾಗ ಕಂಡವರ ಮನೆ ಬಾಗಿಲಿಗೆ ಯಾಕೆ ಹೋಗಬೇಕು ಎಂದು ಕಿಡಿ ಹಟ ಹಿಡಿದಳು. ಅಣ್ಣ ಬಳಸಿ ಬಿಟ್ಟಿದ್ದ ಹಳೆಯದನ್ನೇ ಮೆಟ್ಟಿಲ ಕೆಳಗೆ ಇಟ್ಟು, ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಊರಿಗೆಲ್ಲ ಕಾಣುವ ಅಂಗಡಿ ಮಾಡಿದಳು. ಆ ಕಂಪ್ಯೂಟರು ಹಗಲೂ ರಾತ್ರಿ ಉರಿಯುತ್ತಲೇ ಇರಬೇಕಿತ್ತು. ಆರಿದರೆ ಅಂಗಡಿ ಬಾಗಿಲು ಹಾಕಿದಂತೆ. ಅದ್ಯಾಕೆ ಗುಂಯ್ ಅನ್ನುತ್ತೆ, ಆ ಹಸಿರು ದೀಪ ಏನು ಎಂದು ಮನೆಯವರು ದಿನಕ್ಕೆ ಹತ್ತು ಸಲ ಕೇಳತೊಡಗಿದಾಗ, ತಾಳ್ಮೆಯ ಜೊತೆ ಹುಟ್ಟಿರದ ಕಿಡಿ ಕೆಂಪು ಶಾಯಿಯಲ್ಲಿ ಚೀಟಿ ಬರೆದು ಅದರ ಮೇಲೆ ಅಂಟಿಸಿಬಿಟ್ಟಳು: 'ಯಾರೂ ಮುಟ್ಟಬಾರದು. ಯಾರೂ ಏನೂ ಕೇಳಬಾರದು.'

ಆಮೇಲೆ ಯಾರೂ ಕೇಳಲಿಲ್ಲ.

ಈಗ ಸಂಗೀತ ಶಾಲೆಯೊಂದು ನಲವತ್ತು ವಾದ್ಯಗಳಿಗೆ ಹೊದಿಕೆ ಹೊಲಿಸಬೇಕೆಂದಿತ್ತು. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಶಾಲೆಯವರೆಲ್ಲ ಕೂತು ವೆಬ್‌ಸೈಟಿನಲ್ಲೇ ಮಾದರಿ ನೋಡಿ, ಅಳತೆ ತುಂಬಿಸಿ, ಅಲ್ಲೇ ತೀರ್ಮಾನ ಮಾಡುವವರಿದ್ದರು. ಆ ಕೆಲಸ ಸಿಕ್ಕರೆ ಅಣ್ಣ ತಂಗಿ ಇಬ್ಬರಿಗೂ ಎರಡು ತಿಂಗಳು ತಲೆ ಎತ್ತಲು ಪುರುಸೊತ್ತು ಇರುತ್ತಿರಲಿಲ್ಲ. ಸಿಗದಿದ್ದರೆ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂರಬೇಕಿತ್ತು.

ಸೋಮವಾರದಿಂದಲೇ ಶನಿ ಹೆಗಲೇರಿತ್ತು. ಹನ್ನೊಂದು ದಾಟಿದರೆ ಸೈಟು ಮಾಯ. ಸಂಜೆ ಮನೆಗೆ ಹೋಗಿ ನೋಡಿದರೆ ಕಂಪ್ಯೂಟರು ಆರಿ ಕೂತಿರುತ್ತಿತ್ತು; ಗುಂಡಿ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಏಳುತ್ತಿತ್ತು. ಅವಳು ವೈರು ಬದಲಿಸಿದಳು. ಇಂಟರ್ನೆಟ್ಟಿನವರಿಗೆ ಫೋನು ಮಾಡಿ ಗಂಟೆಗಟ್ಟಲೆ ಜಗಳವಾಡಿದಳು. ಕರೆಂಟು ಹೋಗಿತ್ತೇ ಎಂದು ಪಕ್ಕದ ಮನೆಯವರನ್ನು ವಿಚಾರಿಸಿದಳು, ಹೋಗಿರಲಿಲ್ಲ. ಹಾಗಾದರೆ ಯಾರೋ ಆರಿಸುತ್ತಿದ್ದಾರೆ. ಹಗಲು ಮನೆಯಲ್ಲಿರುವವರು ಇಬ್ಬರೇ. ಅಪ್ಪ ಟೀವಿಯ ರಿಮೋಟನ್ನೂ ಹೆದರಿ ಹೆದರಿ ಮುಟ್ಟುವವನು. ಉಳಿದವನು ಅಣ್ಣ. ಮೊದಲಿನಿಂದಲೂ ಇದು ಬೇಡವೆಂದಿದ್ದವನು ಅವನೇ.

ಬುಧವಾರ ಸಂಜೆ ಅವಳು ಚಪ್ಪಲಿಯನ್ನೂ ಬಿಡದೆ ಮಹಡಿ ಹತ್ತಿದಳು. ಅಣ್ಣ ಬಟ್ಟೆ ಹಾಸಿಕೊಂಡು ನಿಂತಿದ್ದ. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಅವಳಿಗಿರಲಿಲ್ಲ.

"ನಿನ್ನ ಕೈಲಿ ಆಗದೇ ಇದ್ದಿದ್ದನ್ನ ನಾನು ಮಾಡ್ದೆ ಅಂತ ಹೊಟ್ಟೆಕಿಚ್ಚು ನಿಂಗೆ. ಆರಿಸೋದಾದ್ರೆ ನನ್ನೆದುರಿಗೆ ಆರಿಸು, ಕಳ್ಳನ ಥರ ಬೇಡ."

ಕಳ್ಳ ಎಂಬ ಮಾತು ಬಿದ್ದಾಗ ಅಣ್ಣನ ಮುಖದ ಬಣ್ಣವೇ ಇಳಿದುಹೋಯಿತು. ಅವನು ಕತ್ತರಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ನಾಳೆ ಬೆಳಿಗ್ಗೆಯಿಂದ ನಿನ್ನ ಅಂಗಡಿಯಲ್ಲೇ, ನಿನ್ನ ಕಣ್ಣೆದುರಿಗೇ ಕೂತಿರುತ್ತೇನೆ ಎಂದ. ಯಾರೆಂದು ಗೊತ್ತಾದ ದಿನ ನನಗೆ ಹೇಳು, ಅಲ್ಲಿಯವರೆಗೆ ನಿನ್ನ ಬಟ್ಟೆ ನೀನೇ ಕತ್ತರಿಸಿಕೋ ಎಂದ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ಅಪ್ಪ ಕೆಳಗಿನಿಂದಲೇ ಗೊಣಗಿದ್ದು ಇಬ್ಬರಿಗೂ ಕೇಳಿಸಿತು, ಇಬ್ಬರೂ ಕೇಳಿಸದವರಂತೆ ಇದ್ದರು.

ಗುರುವಾರ ಅಣ್ಣ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೈಕಟ್ಟಿ ಕೂತ. ಕಳ್ಳ ಕಣ್ಣೆದುರಿಗೇ ಇರುವಾಗ ಇನ್ನೇನು ಭಯ ಎಂದುಕೊಂಡ ಕಿಡಿ ನೆಮ್ಮದಿಯಾಗಿ ಹೊಲಿಯತೊಡಗಿದಳು. ಹತ್ತು ಗಂಟೆಗೆ ಸೈಟು ನೆಟ್ಟಗಿತ್ತು. ಹನ್ನೊಂದಕ್ಕೂ ಇತ್ತು. ಹನ್ನೊಂದೂಮುಕ್ಕಾಲಿಗೆ ಫೋನು ನೋಡಿದರೆ ಮತ್ತದೇ ಬಿಳಿ ಪರದೆ. ಅವಳು ತಲೆ ಎತ್ತಿದಳು. ಅಣ್ಣ ಕಟ್ಟಿದ ಕೈ ಬಿಚ್ಚಿರಲಿಲ್ಲ. ನಾಚಿಕೆಯಾಗಬೇಕಿತ್ತು ಅವಳಿಗೆ, ಆಗಲಿಲ್ಲ. ಇನ್ನಷ್ಟು ಸಿಟ್ಟು ಬಂತು, ಅಷ್ಟೆ. ಹೊಲಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಿದ್ದು ಓಡಿದಳು.

ಮೆಟ್ಟಿಲ ಕೆಳಗೆ ಕಂಪ್ಯೂಟರು ಕಾಣಲಿಲ್ಲ. ಅದಿದ್ದ ಜಾಗದಲ್ಲಿ ಕಡು ನೀಲಿ ದಪ್ಪ ಬಟ್ಟೆಯ ಹೊದಿಕೆಯೊಂದು ನಿಂತಿತ್ತು. ಅಂಚಿಗೆಲ್ಲ ಬಿಳಿ ಪಟ್ಟಿ, ಮೂಲೆಗಳು ಚೂಪಾಗಿ, ಒಂದು ಸುಕ್ಕಿಲ್ಲ. ಪಕ್ಕದಲ್ಲಿ ಅಪ್ಪ ನೋಯುವ ಮೊಣಕಾಲನ್ನೇ ಊರಿ, ಸೀಮೆಸುಣ್ಣ ಹಿಡಿದು, ತಲೆ ಓರೆ ಮಾಡಿಕೊಂಡು ಅಂದ ನೋಡುತ್ತಿದ್ದ.

ಅವಳು ಹೊದಿಕೆಯನ್ನು ಕಿತ್ತೆಳೆದಳು. ಬಿಸಿ ಗಾಳಿ ಮುಖಕ್ಕೆ ರಾಚಿತು. ಯಂತ್ರದ ಮೈ ಕೈಯಿಡಲಾಗದಷ್ಟು ಕಾದಿತ್ತು. ಗುಂಡಿ ಒತ್ತಿದಳು, ಎದ್ದು, ಎರಡು ನಿಮಿಷಕ್ಕೆ ಮತ್ತೆ ಸತ್ತಿತು. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಮೂರು ನಿಮಿಷವಿತ್ತು.

"ಇದಕ್ಕೆ ಗಾಳಿ ಬೇಕಪ್ಪಾ. ಉಸಿರು ಕಟ್ಟಿಸಿ ಕೊಂದಿದ್ದೀಯ. ಹಾಕೋಕೆ ಮುಂಚೆ ಒಂದು ಮಾತು ಕೇಳೋಕಾಗ್ಲಿಲ್ವಾ ನಿಂಗೆ?"

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಧೂಳು ಬೀಳುತ್ತಿತ್ತು, ಮಗಳು ಅಷ್ಟು ಕಷ್ಟಪಟ್ಟು ಮಾಡಿದ್ದು ಎಂದು ಹೊಲಿದೆ ಎಂದ. ಹೊಸ ಹೊದಿಕೆ ಎರಡು ಗಂಟೆ ವಸ್ತುವಿನ ಮೇಲಿದ್ದು ಮೈ ಹಿಡಿದ ಮೇಲೆಯೇ ಕೊನೆಯ ಹೊಲಿಗೆ ಹಾಕಬೇಕು. ಅದು ಅವನು ಇಬ್ಬರು ಮಕ್ಕಳಿಗೂ ಕಲಿಸಿದ್ದ ಮೊದಲ ಪಾಠ. ಅರ್ಧ ಹೊಲಿದದ್ದನ್ನು ಗಿರಾಕಿಗೆ ತೋರಿಸಬಾರದು, ಅದು ಎರಡನೆಯದು. ಅದಕ್ಕೇ ದಿನಾ ತೊಡಿಸಿ ನೋಡಿ, ಅವಳು ಬರುವ ಮೊದಲೇ ತೆಗೆದು ಬಚ್ಚಿಡುತ್ತಿದ್ದನಂತೆ.

"ಒಂದು ಹೊದಿಕೆಗೆ ನಾಲ್ಕು ದಿನವಾ? ಒಂದೇ ಸಲಕ್ಕೆ ಕೂರಿಸ್ತಿದ್ಯಲ್ಲ ನೀನು."

"ಟೇಪು ಹಿಡಿದಿದ್ರೆ ಒಂದೇ ಸಲಕ್ಕೆ ಕೂರ್ತಿತ್ತಮ್ಮ. ಮುಟ್ಟಬಾರದು ಅಂದಿದ್ಯಲ್ಲ, ಅಳತೆ ಕಣ್ಣಲ್ಲೇ ತಗೊಂಡೆ."

ಕೇಳಲಿಲ್ಲವೇಕೆ ಎಂಬುದಕ್ಕೆ ಅವನು ಸೀಮೆಸುಣ್ಣದ ಕೈಯಿಂದ, ಅವಳ ಮುಷ್ಟಿಯಲ್ಲಿದ್ದ ಹೊದಿಕೆಯನ್ನು ತೋರಿಸಿದ. ಅದರ ಮುಂಭಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ಕಿನ ಜೇಬೊಂದನ್ನು, ಮೇಲ್ಬದಿ ಬಿಟ್ಟು, ಮೂರೂ ಬದಿ ಎರಡೆರಡು ಹೊಲಿಗೆ ಹಾಕಿ ಕೂರಿಸಿದ್ದ. ಒಳಗೆ ಅವಳದೇ ಕೆಂಪು ಅಕ್ಷರದ ಚೀಟಿಯನ್ನು ಒಂದಿಷ್ಟೂ ಮುದುಡದಂತೆ ಇಟ್ಟಿದ್ದ.

ಕಂಪ್ಯೂಟರು ತಣ್ಣಗಾಗಿ ಸರಿಯಾಗಿ ಎದ್ದಾಗ ಹನ್ನೆರಡೂವರೆ. ಕಿಡಿ ಅಂಗಡಿಗೆ ನಡೆದೇ ಹೋದಳು. ಓಡಿ ಆಗಬೇಕಾದದ್ದು ಏನೂ ಉಳಿದಿರಲಿಲ್ಲ. ಬೇಡವೆಂದರೂ ಅಪ್ಪ ಹೊದಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಕುಂಟುತ್ತ ಹಿಂದೆಯೇ ಬಂದ.

ಶಾಲೆಯವರು ಫೋನು ಮಾಡಿದ್ದರೆಂದು ಅಣ್ಣ ಹೇಳಿದ. ಹನ್ನೆರಡೂಕಾಲರವರೆಗೆ ಕಾದು, ಕೆಲಸವನ್ನು ಬೇರೆಯವರಿಗೆ ಕೊಟ್ಟರಂತೆ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಜಗಳವಾಡಲು ಒಂದು ದಾರಿಯಾದರೂ ಸಿಗುತ್ತಿತ್ತು.

"ಯಾರು?" ಎಂದ.

ಬಾಗಿಲಲ್ಲಿ ಅಪ್ಪ ಏದುಸಿರು ಬಿಡುತ್ತ ನಿಂತಿದ್ದ. ಅವನು ಬಾಯಿ ತೆರೆಯುವ ಮೊದಲೇ ಕಿಡಿ, "ನಾನೇ," ಎಂದಳು.

"ನೀನಿಲ್ಲೇ ಕೂತಿದ್ಯಲ್ಲ?"

"ನಾನೇ ಅಂದ್ನಲ್ಲ. ಇನ್ನೇನೂ ಕೇಳ್ಬೇಡ."

ಅಂದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಅಪ್ಪನ ಕಂಕುಳಲ್ಲಿ ಮಡಿಸಿದ್ದ ಬಟ್ಟೆಯಿಂದ ಪ್ಲಾಸ್ಟಿಕ್ಕಿನ ಮೂಲೆ ಇಣುಕುತ್ತಿತ್ತು. ಅವಳು ಹೋಗಿ ಆ ಜೇಬಿನೊಳಗೆ ಕೈಹಾಕಿ ಚೀಟಿಯನ್ನು ಎಳೆದು, ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದಳು. ಕಣ್ಣು ಉರಿಯುತ್ತಿತ್ತು, ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಇಲ್ಲ," ಎಂದಳು. "ಕೇಳು."

ಅಣ್ಣ ಎದ್ದು ತನ್ನ ಸ್ಟೂಲನ್ನು ಅಪ್ಪನಿಗೆ ಕೊಟ್ಟು, ಮತ್ತೆ ಮೊದಲಿನಿಂದ ಕೇಳಿದ.