ಎರಡನೇ ಫೋನು

ನದಿಯ ಈ ದಡ ಒಂದು ದೇಶ, ಆ ದಡ ಇನ್ನೊಂದು. ನೀರಿಗಾಗಿ ವರ್ಷಗಟ್ಟಲೆ ಕಚ್ಚಾಡಿ, ಮೀನೂ ಇಲ್ಲ, ಬೆಳೆಯೂ ಇಲ್ಲ ಅನ್ನುವಂತಾದ ಮೇಲೆ ಎರಡೂ ಕಡೆಯ ದೊಡ್ಡವರಿಗೆ ಬುದ್ಧಿ ಬಂತು. ನದಿಯನ್ನು ಮೊಮ್ಮಕ್ಕಳ ಕಾಲಕ್ಕೂ ಉಳಿಸೋಣ ಎಂದು ಒಪ್ಪಂದ ಮಾಡಿಕೊಂಡು, ಸಹಿ ಹಾಕಿ, ಫೋಟೋ ತೆಗೆಸಿಕೊಂಡು ಹೋದರು. ದಿನಾ ಬೆಳಿಗ್ಗೆ ಮೆಟ್ಟಿಲಿಳಿದು ನೀರಿನ ಮಟ್ಟ ನೋಡುವ ಕೆಲಸ ಮಾತ್ರ ಈ ದಡದಲ್ಲಿ ಅಳತೆಯಕ್ಕನ ಪಾಲಿಗೆ ಬಂತು, ಆ ದಡದಲ್ಲಿ ಅವಳು ಮುಖ ಕಾಣದ ಒಬ್ಬ ಗಂಡಸಿನ ಪಾಲಿಗೆ.

ಏಳು ಗಂಟೆಗೆ ಇಬ್ಬರೂ ತಮ್ಮ ತಮ್ಮ ಅಳತೆಗಂಬ ನೋಡಿ ಬರೆದುಕೊಳ್ಳಬೇಕು. ಆಮೇಲೆ ಅವನು ಫೋನ್ ಮಾಡಿ ತನ್ನ ಅಂಕಿ ಹೇಳಬೇಕು, ಇವಳು ತನ್ನದನ್ನು. ಹೊಂದಿದರೆ ಮಾತು ಮುಗಿಯಿತು. ಎರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಇಬ್ಬರೂ ಮತ್ತೆ ಇಳಿದು, ಅಳೆದು, ಮತ್ತೆ ಫೋನಿಗೆ ಬರಬೇಕು. ಅವನ ಭಾಷೆ ಬೇರೆ. ಇವಳ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದು ಅಂಕಿಗಳು ಮತ್ತು 'ಸರಿ', ಅಷ್ಟೇ. ಇಬ್ಬರೂ ಕಟ್ಟುನಿಟ್ಟಿನ ಮನುಷ್ಯರು. ಹನ್ನೊಂದು ವರ್ಷದಲ್ಲಿ ಎರಡನೇ ಫೋನು ಬಂದದ್ದೇ ಇಲ್ಲ. ಅಷ್ಟೊಂದು ಸಾಚಾತನ ಯಾಕೆ ಬೇಕಿತ್ತೋ!

ನಾಳೆಯಿಂದ ಯಂತ್ರವೇ ಅಳೆದು ಎರಡೂ ಕಡೆಗೆ ಸುದ್ದಿ ಮುಟ್ಟಿಸುತ್ತದೆ.

"ಇವತ್ತಾದ್ರೂ ಆ ನೂರು, ಇನ್ನೂರು ಬಿಟ್ಟು ಬೇರೆ ಏನಾದ್ರೂ ಮಾತಾಡೇ," ಎಂದು ಅತ್ತಿಗೆ ಕಾಲೆಳೆದಳು. "ಮದುವೆ ಆಗಿದೆಯೋ ಇಲ್ವೋ ಅಂತಾದ್ರೂ ಕೇಳು."

"ಸುಮ್ನಿರಿ ಅತ್ತಿಗೆ. ಯಾವ ಭಾಷೇಲಿ ಕೇಳ್ಲಿ?"

ಹಾಗಂದಳೇ ಹೊರತು ಅವಳಿಗೂ ಒಂದು ಆಸೆಯಿತ್ತು. ಮದುವೆಯ ಸುದ್ದಿ ಬೇಡ, ಮುಖ ನೋಡುವುದೂ ಬೇಡ, ಆ ದನಿಯನ್ನು ಇನ್ನೊಂದೇ ಒಂದು ಸಲ ಹೆಚ್ಚಿಗೆ ಕೇಳಿದರೆ ಸಾಕಿತ್ತು ಅವಳಿಗೆ. ಕಂಬದಲ್ಲಿ ನೀರು ಇನ್ನೂರ ನಲವತ್ತಕ್ಕಿತ್ತು. ಅವಳು ಪುಸ್ತಕದಲ್ಲಿ ಇನ್ನೂರ ಐವತ್ತು ಎಂದು ಬರೆದಳು. ವ್ಯತ್ಯಾಸ ಬಂದರೆ ಮತ್ತೆ ಫೋನ್ ಮಾಡಲೇಬೇಕಲ್ಲ.

ಫೋನು ಬಂತು.

"ಇನ್ನೂರ ಐವತ್ತು," ಎಂದ ಅವನು.

ಅವಳು ಪುಸ್ತಕ ನೋಡಿಕೊಂಡಳು, ಅದೇ ಅಂಕಿ. ಇಷ್ಟು ವರ್ಷ ಕೂದಲೆಳೆಯಷ್ಟೂ ತಪ್ಪದವನು ಹತ್ತು ಸೆಂಟಿಮೀಟರ್ ತಪ್ಪುವುದುಂಟೆ? ಅವನೂ ಸುಳ್ಳು ಹೇಳಿದ್ದ. ತಾನು ಬರೆದದ್ದನ್ನೇ ಓದಿದರೆ ಎರಡೂ ಸುಳ್ಳು ಹೊಂದಿಕೊಂಡು ಎಲ್ಲ ಇಲ್ಲಿಗೇ ಮುಗಿಯುತ್ತಿತ್ತು.

"ಇನ್ನೂರ ನಲವತ್ತು," ಎಂದಳು. ನಿಜ ಹೇಳುವಾಗ ದನಿ ನಡುಗಿತು.

ಆಚೆ ಅವನು ಉಸಿರುಬಿಟ್ಟದ್ದು ಕೇಳಿಸಿತು. ಆಮೇಲೆ ಅವಳದೇ ಭಾಷೆಯಲ್ಲಿ, ಒಂದು ಅಕ್ಷರವೂ ತಪ್ಪದೆ, "ಮತ್ತೆ ಅಳೆಯಿರಿ," ಎಂದ. ಯಾವಾಗ ಕಲಿತು ಇಟ್ಟುಕೊಂಡಿದ್ದನೋ!

ಅವಳು ಕಣ್ಣೊರೆಸಿಕೊಂಡು ಹೊರಗೆ ಬಂದಳು. ದೂರದ ಆ ದಡದಲ್ಲಿ ಒಂದು ಬಿಳಿ ಅಂಗಿ ಮೆಟ್ಟಿಲಿಳಿಯುತ್ತಿತ್ತು, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು. ಅವಳೂ ಹಾಗೇ ಇಳಿದಳು. ಇಬ್ಬರಿಗೂ ಅವಸರವಿರಲಿಲ್ಲ.