ಕೋಣದ ಎಡಗಿವಿ

ಮುಂಬಯಿ ಬಳಿಯ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಒಬ್ಬಳು ಹಸು ಕಟ್ಟಿಕೊಂಡು ಹುಲ್ಲು ಮಾರುತ್ತಾಳೆ. ಹುಲ್ಲು ಕೊಂಡು ತಿನ್ನಿಸಿದರೆ ಪುಣ್ಯ. ಅಂದು ಬೆಳಿಗ್ಗೆ ಆ ಹಸು ಹುಲ್ಲು ಬಿಟ್ಟು ಜಯಲತಾಳ ಕೋಣದ ಎಡಗಿವಿಯನ್ನೇ ತಿಂದುಬಿಟ್ಟಿತು.

ಎರಡಡಿಯ ಗೊಂಬೆ ಕೋಣ. ಒಳಗೆ ಬಿದಿರಿನ ಸೀಳು, ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ಗುಜರಿ ತಂತಿ. ಕಣ್ಣಿಗೆ ಹಳೆಯ ಗಡಿಯಾರದ ಚಕ್ರ. ಮೇಲೆ ಕಾಗದದ ಮುದ್ದೆ. ಊರಲ್ಲಿ ಬುಟ್ಟಿಗೆ ಬಳಿಯುವಂತೆ ಮೆಂತೆ ಅರೆದು, ಗಂಜಿ ಬೆರೆಸಿದ್ದಳು. ಮೈಗೆಲ್ಲ ವಾರ್ನಿಶ್ ಆಗಿತ್ತು. ಹಿಂದಿನ ದಿನವಷ್ಟೇ ಕೂರಿಸಿದ ಎಡಗಿವಿ ಮಾತ್ರ ಹಸಿ. ಮೆಂತೆ, ಗಂಜಿಯ ವಾಸನೆ ಹೊಡೆದರೆ ಹಸು ಸುಮ್ಮನಿರುತ್ತದೆಯೇ?

"ನೀವು ಎಲ್ಲಿ ಸತ್ತಿದ್ರಿ?" ಎಂದು ಗಂಡನ ಮೇಲೆ ಹರಿಹಾಯ್ದಳು.

"ಟಿಕೆಟ್ ತೆಗೀತಿದ್ದೆ ಮಾರಾಯ್ತಿ. ಕೋಣ ಹಿಡ್ಕೊಂಡದ್ದು ನೀನಲ್ವಾ?" ಎಂದ ಗುಣಪಾಲ.

ವಾಶಿಯ ಕರಕುಶಲ ಮೇಳದಲ್ಲಿ ಉಳಿದದ್ದು ಒಂದೇ ಮೇಜು. ಹನ್ನೊಂದು ಗಂಟೆಗೆ ಕೋಣ ತೋರಿಸಿ ಒಪ್ಪಿಸಿದರೆ ಅವಳದು, ಇಲ್ಲದಿದ್ದರೆ ಬೇರೆಯವರದು. ಗುಜರಿ ಕೂಡಿಟ್ಟು, ತಾನಿರುವ ಹೌಸಿಂಗ್ ಸೊಸೈಟಿಯಲ್ಲಿ ಆರು ವರ್ಷ 'ಕಸದ ಆಂಟಿ' ಎನ್ನಿಸಿಕೊಂಡವಳು ಬಿಟ್ಟಾಳೆಯೇ? ಓಡಿದಳು.

ಥಾಣೆಯಲ್ಲಿ ಇಳಿದು ವಾಶಿ ಗಾಡಿ ಹಿಡಿದು, ಗಂಡನನ್ನು ಬೇರೆ ಡಬ್ಬಿಗೆ ಹತ್ತಿಸಿ, ತಾನು ಲೇಡೀಸ್ ಡಬ್ಬಿಯಲ್ಲಿ ಕೂತಳು. ಕೋಣವನ್ನು ತೊಡೆಯ ಮೇಲಿಟ್ಟುಕೊಂಡು ಹಸುವಿನ ಏಳು ತಲೆಮಾರಿಗೂ ಬೈಯತೊಡಗಿದಳು. ಹೇರ್‌ಪಿನ್ ಮಾರುತ್ತಿದ್ದ ಹೆಂಗಸು ತಿರುಗಿ ನಿಂತಳು.

"ಯಾಕ್ರೀ ಯಕ್ಕಾ, ಆಕಳಿಗೆ ಬೈತೀರಿ? ಪಾಪ ಬರತೈತಿ."

"ಬರ್ಲಿ! ಇದರ ಕಿವಿ ತಿಂದಿದೆ ಅದು!"

ಅವಳು ಕಲಬುರ್ಗಿ ಕಡೆಯ ಚಂದ್ರಬಾಯಿ. ಮುರಿದ ಜಾಗದಲ್ಲಿ ಇಣುಕುತ್ತಿದ್ದ ಬಿದಿರನ್ನು ಮುಟ್ಟಿ ನೋಡಿದಳು. ಕೇಳಲಿಲ್ಲ, ಹೇಳಲಿಲ್ಲ, ಕಪ್ಪು ಪಿನ್ನುಗಳನ್ನು ಒಂದೊಂದಾಗಿ ಬಿಡಿಸಿ ಬೀಸಣಿಗೆಯಂತೆ ಸಿಕ್ಕಿಸಿ, ಬುಡಕ್ಕೆ ತಂತಿ ಸುತ್ತಿದಳು. ಬೆರಳೋ, ಮಿಂಚೋ! ಗಾಡಿ ಕುಲುಕಿದಾಗ ಕಿವಿ ಥರಥರ ನಡುಗಿತು, ನೊಣ ಓಡಿಸುವ ಕೋಣದ್ದೇ ಕಿವಿ. ಡಬ್ಬಿಯ ಹೆಂಗಸರು ಹೋ ಎಂದರು.

ಮೇಳದಲ್ಲಿ ಮೇಜು ಹಂಚುತ್ತಿದ್ದ ಮಾನಸಿ ಕೋಣದ ಸುತ್ತ ಒಂದು ಸುತ್ತು ಬಂದು ಎಡಗಿವಿಯ ಬಳಿಯೇ ನಿಂತಳು. "ಅರೇ ವಾ! ಬಾಕಿ ಸಬ್ ಠೀಕ್ ಹೈ. ಪರ್ ಯೇ ಕಾನ್ ತೋ ಜಿಂದಾ ಹೈ!"

ಕಿವಿಗೆ ಜೀವವಿದೆ ಎಂದದ್ದಕ್ಕೆ ಗುಣಪಾಲ ಹಲ್ಲು ಕಿರಿದ. ಜಯಲತಾ ಕಿರಿಯಲಿಲ್ಲ.

"ಅದು ನಾನು ಮಾಡಿದ್ದಲ್ಲ," ಎಂದಳು ಹಿಂದಿಯಲ್ಲೇ.

"ಬಾಯಿ ಮುಚ್ಚೇ," ಎಂದು ಗಂಡ ಚಿವುಟಿದ. ಸ್ವಂತ ಕೈಯಿಂದ ಮಾಡದ್ದನ್ನು ಇಡಬಾರದೆಂಬುದು ಮೇಳದ ನಿಯಮ.

"ಯಾಕೆ ಮುಚ್ಚಲಿ? ಗಾಡಿಯಲ್ಲಿ ಪಿನ್ ಮಾರುವ ಚಂದ್ರಬಾಯಿ ಮಾಡಿದ್ದು. ಬೇಕಾದರೆ ಇಡಿ, ಇಲ್ಲದಿದ್ದರೆ ಹೊತ್ಕೊಂಡು ಹೋಗ್ತೇನೆ."

ಮಾನಸಿ ಪೆನ್ನು ಕಚ್ಚಿ ಯೋಚಿಸಿದಳು. ಆಮೇಲೆ ಮೇಜು ಇಬ್ಬರದೂ ಎಂದು ಚೀಟಿಯಲ್ಲಿ ಎರಡು ಹೆಸರು ಬರೆದಳು. "ದೋನೋಂ ಕಾ ಟೇಬಲ್. ಲೇಕಿನ್ ವೋ ಹೈ ಕಹಾಂ?"

"ಚಂದ್ರಬಾಯಿ ಎಲ್ಲಿದ್ದಾಳೆಂದಾ? ಥಾಣೆ ಗಾಡಿಯಲ್ಲಿ!" ಜಯಲತಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ರೀ, ಹೋಗಿ ಕರ್ಕೊಂಡು ಬನ್ನಿ!"

"ಲೇಡೀಸ್ ಡಬ್ಬಿಗೆ ನಾನಾ? ಪೊಲೀಸರು ಬೆನ್ನು ಮುರೀತಾರೆ!"

"ಹಾಗಾದರೆ ಮೇಜಿನ ಹತ್ತಿರ ಕೂತ್ಕೊಳ್ಳಿ. ಯಾರಾದರೂ ಕಿವಿ ಮುಟ್ಟಿದರೆ ಕೈಗೊಂದು ಬಾರಿಸಿ!"

ಅಷ್ಟು ಹೇಳಿ, ಚಪ್ಪಲಿಯ ಬಾರು ಕಿತ್ತದ್ದೂ ತಿಳಿಯದೆ, ಸ್ಟೇಷನ್ನಿನ ಕಡೆ ಓಡಿದಳು.